ನಾಲ್ಕು ದಿನದ ನೀರು

ಮೇಲಿನ ಬೀದಿಯಲ್ಲಾಗಲಿ ಕೆಳಗಿನ ಬೀದಿಯಲ್ಲಾಗಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಅವಳು ನೀರಕ್ಕ. ಪುರಸಭೆಯ ಹಾಜರಿ ಪುಸ್ತಕದಲ್ಲಿ ಅವಳ ಮುಂದೆ 'ನೀರುಗಂಟಿ' ಎಂದು ಬರೆದಿತ್ತು. ಮೊದಲು ಆ ಕೆಲಸ ಅವಳ ಅಪ್ಪನದು. ಕೆಲಸದಲ್ಲಿರುವಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅದು ಇಪ್ಪತ್ತೆರಡು ವರ್ಷದ ಮಗಳಿಗೆ ಬಂತು. ಹೆಣ್ಣುಮಗಳು ಎದೆಯೆತ್ತರದ ಕಬ್ಬಿಣದ ಕೀಲಿ ಹೊತ್ತುಕೊಂಡು ಬೀದಿ ಬೀದಿ ತಿರುಗುವುದುಂಟೇ ಎಂದು ಆಗಿನ ಮುಖ್ಯಾಧಿಕಾರಿ ಮೂಗು ಮುರಿದಿದ್ದರು. ಇಪ್ಪತ್ತಾರು ವರ್ಷ ತಿರುಗಿದಳು. ಅಷ್ಟರಲ್ಲಿ ಏಳು ಜನ ಮುಖ್ಯಾಧಿಕಾರಿಗಳು ಬಂದು ಹೋದರು, ಕೀಲಿ ಮಾತ್ರ ಅವಳ ಹೆಗಲ ಮೇಲೇ ಇತ್ತು.

ಬೆಳಗ್ಗೆ ಆರಕ್ಕೆ ಮೇಲಿನ ಬೀದಿ, ಎಂಟಕ್ಕೆ ಕೆಳಗಿನ ಬೀದಿ. ರಸ್ತೆಯಂಚಿನ ಗುಂಡಿಯ ಮುಚ್ಚಳ ಸರಿಸಿ, ಕೀಲಿ ಇಳಿಸಿ, ವಾಲ್ವ್ ತಿರುಗಿಸುವುದು ಅವಳ ಕೆಲಸ. ನೋಡಿದವರಿಗೆ ಅದೇನು ಮಹಾ ಅನ್ನಿಸುತ್ತಿತ್ತು. ಮೇಲಿನ ಬೀದಿ ದಿಣ್ಣೆಯ ಮೇಲಿದೆ, ಹದಿನೆಂಟು ಸುತ್ತು ಬಿಟ್ಟರೇ ನೀರು ಏರುತ್ತದೆ. ಕೆಳಗಿನದು ಇಳಿಜಾರು, ಹನ್ನೊಂದು ಸಾಕು. ಒಂದು ಸುತ್ತು ಹೆಚ್ಚಾದರೆ ಹಳೆಯ ಪೈಪು ಒಡೆಯುತ್ತದೆ, ಎರಡು ಕಡಿಮೆಯಾದರೆ ಬೀದಿಯ ಕೊನೆಯ ಮನೆಗಳ ನಲ್ಲಿ ಬರೀ ಗಾಳಿ ಉಗುಳುತ್ತದೆ.

ಇದನ್ನೆಲ್ಲ ಅವಳಿಗೆ ಕಲಿಸಿದವರು ಪಂಪ್‌ಹೌಸಿನ ಚಾಚಾ. ಅಪ್ಪನ ಜೊತೆ ಕೆಲಸಕ್ಕೆ ಸೇರಿದವರು, ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರು. "ಕೈಯಲ್ಲಿ ತಿರುಗಿಸೋದು ಯಾರಿಗಾದ್ರೂ ಬರುತ್ತೆ ಮಗಳೇ. ಕೀಲಿಗೆ ಕಿವಿ ಹಚ್ಚಿ ಕೇಳು. ನೀರು ಎಲ್ಲಿದೆ ಅಂತ ಅದೇ ಹೇಳುತ್ತೆ" ಎಂದು ಮೊದಲ ವಾರವಿಡೀ ಅವಳ ತಲೆಯನ್ನು ಕೀಲಿಗೆ ಒತ್ತಿ ನಿಲ್ಲಿಸಿದ್ದರು. ದಾರಿಹೋಕರು ನೋಡಿ ನಕ್ಕಿದ್ದರು.

ಮೇಲಿನ ಬೀದಿಯಲ್ಲಿ ಹಿಂದೂ ಮನೆಗಳು ಹೆಚ್ಚು, ಕೆಳಗಿನ ಬೀದಿಯಲ್ಲಿ ಮುಸ್ಲಿಂ ಮನೆಗಳು ಹೆಚ್ಚು. ಮೇಲೆ ಕೆಳಗೆ ಅನ್ನುವುದು ನೆಲದ ಮಾತಾಗಿತ್ತೇ ಹೊರತು ಮನುಷ್ಯರ ಮಾತಾಗಿರಲಿಲ್ಲ. ಜಗಳಗಳು ಇಲ್ಲದೇ ಇರಲಿಲ್ಲ. ಆದರೆ ಅವು ಚರಂಡಿಯ ಜಗಳ, ಕೋಳಿಯ ಜಗಳ, ಯಾರ ಮನೆಯ ಮರ ಯಾರ ಗೋಡೆಗೆ ಒರಗಿದೆ ಅನ್ನುವ ಜಗಳ. ಸಂಜೆಯೊಳಗೆ ಯಾರಾದರೂ ಹಿರಿಯರು ಇಬ್ಬರಿಗೂ ಬೈದು ಮುಗಿಸುತ್ತಿದ್ದರು.

ಅವಳ ಕೆಲಸದ ಇಪ್ಪತ್ತಾರನೆಯ ವರ್ಷ ಎರಡು ಬೀದಿ ಕೂಡುವಲ್ಲಿ ಎರಡು ಬೈಕು ಡಿಕ್ಕಿ ಹೊಡೆದವು. ಓಡಿಸುತ್ತಿದ್ದವರಲ್ಲಿ ಒಬ್ಬ ಈ ಬೀದಿಯವನು, ಇನ್ನೊಬ್ಬ ಆ ಬೀದಿಯವನು. ಒಬ್ಬ ಬೈದ, ಇನ್ನೊಬ್ಬ ಕಪಾಳಕ್ಕೆ ಕೊಟ್ಟ, ಮೊದಲಿನವನು ತಿರುಗಿ ಕೊಟ್ಟ. ಯಾರೋ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೀದಿಯ ಫೋನುಗಳಲ್ಲಿ ಮೊದಲ ಏಟು ಕತ್ತರಿಸಿ ಹೋಗಿತ್ತು, ಕೆಳಗಿನ ಬೀದಿಯ ಫೋನುಗಳಲ್ಲಿ ಎರಡನೇ ಏಟು ಕತ್ತರಿಸಿ ಹೋಗಿತ್ತು. ಹೊಡೆದಾಡಿಕೊಂಡ ಇಬ್ಬರೂ ಅಷ್ಟರಲ್ಲಿ ಒಂದೇ ಗ್ಯಾರೇಜಿನ ಮುಂದೆ ಕೂತು ತಮ್ಮ ತಮ್ಮ ಬೈಕು ರಿಪೇರಿ ಮಾಡಿಸಿಕೊಳ್ಳುತ್ತಿದ್ದರು. ಅವರನ್ನು ಕೇಳುವವರೇ ಇರಲಿಲ್ಲ. ಜಗಳ ಅವರ ಕೈ ತಪ್ಪಿ ಹೋಗಿತ್ತು.

ಆಮೇಲೆ ಒಂದರ ಹಿಂದೊಂದು. ಅಂಗಡಿಕಾರರ ಸಂಘ ಎರಡಾಯಿತು. ಮೇಲಿನ ಬೀದಿಯ ಬಟ್ಟೆ ಅಂಗಡಿ ಯಜಮಾನರು ಒಂದಕ್ಕೆ ಅಧ್ಯಕ್ಷರಾದರು. ಕೆಳಗಿನ ಬೀದಿಯಲ್ಲಿ ಆಗಷ್ಟೇ ಬೋರ್ಡು ಹಾಕಿಕೊಂಡಿದ್ದ ವಕೀಲ ಇನ್ನೊಂದರ ಬೆನ್ನಿಗೆ ನಿಂತ. ಪುರಸಭೆ ಚುನಾವಣೆಗೆ ಎಂಟು ತಿಂಗಳಿತ್ತು. 'ನಮ್ಮವರ ಅಂಗಡಿ' ಎಂಬ ಚೀಟಿಗಳು ಎರಡೂ ಕಡೆಯ ಬಾಗಿಲುಗಳ ಮೇಲೆ ಕಾಣಿಸಿಕೊಂಡವು. ಶಾಲೆಯ ಹೆಡ್‌ಮಾಸ್ಟರರ ಹತ್ತಿರ ಎರಡು ಬೀದಿಯವರೂ ಹೋಗಿ, ಪಿಸುದನಿಯಲ್ಲಿ, ನಮ್ಮ ಮಗುವಿನ ಜಾಗ ಬದಲಾಯಿಸಿ ಎಂದರು. ಹೋದ ಚುನಾವಣೆಯಲ್ಲಿ ರಸ್ತೆ, ದೀಪ, ಚರಂಡಿ ಎನ್ನುತ್ತಿದ್ದ ಬಾಯಿಗಳಲ್ಲಿ ಈಗ 'ನಾವು', 'ಅವರು' ಎರಡೇ ಮಾತು.

ನೀರಕ್ಕ ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಕೀಲಿ ಹೊತ್ತು ನಡೆದಳು. "ಇದೆಲ್ಲ ಓಟು ಮುಗಿಯೋವರೆಗೆ ಚಾಚಾ" ಎಂದಳು ಒಂದು ಬೆಳಗ್ಗೆ. ಚಾಚಾ ಪಂಪಿಗೆ ಎಣ್ಣೆ ಬಿಡುತ್ತ, "ಓಟು ಮುಗಿಯುತ್ತೆ. ಇವರು ಆಡಿದ ಮಾತು ಎಲ್ಲಿಗೆ ಹೋಗುತ್ತೆ?" ಎಂದರು.

ಚುನಾವಣೆಗೆ ಐದು ತಿಂಗಳಿದ್ದಾಗ ಎರಡು ಮೆರವಣಿಗೆಗಳು ಒಂದೇ ದಿನ ಒಂದೇ ಕೂಡುರಸ್ತೆಗೆ ಬಂದವು. ಮೊದಲ ಕಲ್ಲು ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ಎಂಟು ಅಂಗಡಿಗಳಿಗೆ ಬೆಂಕಿ ಬಿತ್ತು. ಆ ಎಂಟರಲ್ಲಿ ನೀರಕ್ಕನ ತಮ್ಮನ ಸೈಕಲ್ ಅಂಗಡಿಯೂ ಒಂದು. ಒಳಗಿದ್ದ ಗಾಳಿ ಯಂತ್ರ ಎಳೆದುಕೊಳ್ಳಲು ಹೋಗಿ ಅವನು ಬಲಗೈ ಸುಟ್ಟುಕೊಂಡ. ಆಸ್ಪತ್ರೆಯಲ್ಲಿ ಅವನ ಕೈ ನೋಡಿ ನೀರಕ್ಕನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಮರುದಿನ ಊರಿಗೆ ಕರ್ಫ್ಯೂ. ನೀರಿನವರಿಗೆ, ದೀಪದವರಿಗೆ ಪಾಸು ಕೊಟ್ಟಿದ್ದರು. ಆರಕ್ಕೆ ಮೇಲಿನ ಬೀದಿಗೆ ಹದಿನೆಂಟು ಸುತ್ತು ಬಿಟ್ಟಳು. ಎಂಟಕ್ಕೆ ಕೆಳಗಿನ ಬೀದಿಯ ಗುಂಡಿಗೆ ಕೀಲಿ ಇಳಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಅಲ್ಲಿಗೆ ಅವಳ ಕೈ ನಿಂತಿತು. ಬೀದಿ ಖಾಲಿ. ಯಾವ ಕಿಟಕಿಯೂ ತೆರೆದಿರಲಿಲ್ಲ. ಕೀಲಿ ಮೇಲೆತ್ತಿ, ಮುಚ್ಚಳ ಎಳೆದು, ತಿರುಗಿ ನೋಡದೆ ಬಂದಳು. ಮರುದಿನವೂ ಐದು. ಅದರ ಮರುದಿನವೂ. ತಾನೇನೂ ಮಾಡುತ್ತಿಲ್ಲ, ಬರೀ ಕೈ ಸೋತಿದೆ ಎಂದು ತನಗೇ ಹೇಳಿಕೊಂಡಳು. ಮೇಲಿನ ಬೀದಿಯಲ್ಲಿ ಮಾತ್ರ ಆ ಕೈ ಸೋಲಲಿಲ್ಲ.

ನಾಲ್ಕನೆಯ ದಿನವೂ ಐದೇ ಸುತ್ತು ಬಿಟ್ಟು ಬಂದವಳನ್ನು ಚಾಚಾ ಪಂಪ್‌ಹೌಸಿನ ಒಳಗೆ ಕರೆದರು. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ದಿನವೂ ಅವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಾಲ್ಕು ದಿನದ ಗೆರೆಗಳು ಇರಬೇಕಾದ್ದಕ್ಕಿಂತ ಒಂದು ಗೇಣು ಮೇಲಿದ್ದವು.

"ನೀರು ಉಳೀತಿದೆ. ಕೆಳಗಿನ ಪೈಪು ಎಲ್ಲಾದ್ರೂ ಕಟ್ಟಿಕೊಂಡಿದೆಯಾ ಮಗಳೇ?"

"ಗೊತ್ತಿಲ್ಲ ಚಾಚಾ."

ಚಾಚಾ ಅವಳ ಮುಖ ನೋಡಲಿಲ್ಲ. ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು ಕೈ ಒರೆಸಿಕೊಂಡರು. "ಕಟ್ಟಿಕೊಂಡಿದ್ರೆ ಬಿಡಿಸಿಬಿಡು. ಕೊನೇ ಮನೆ ನಮ್ಮದು. ನಿಮ್ಮ ಚಾಚಿಗೆ ನಾಲ್ಕು ದಿನದಿಂದ ಇಲ್ಲಿಂದ ಎರಡು ಕ್ಯಾನು ಹೊತ್ತುಕೊಂಡು ಹೋಗ್ತಿದೀನಿ. ಪೊಲೀಸರು ದಿನಾ ಪೆಟ್ರೋಲೇನೋ ಅಂತ ಮುಚ್ಚಳ ತೆಗೆಸಿ ಮೂಸಿ ನೋಡ್ತಾರೆ." ಆಮೇಲೆ ಸ್ವಲ್ಪ ನಕ್ಕರು. "ನೀರಿಗೂ ವಾಸನೆ ಇರುತ್ತೆ ಅಂತ ಈ ವಯಸ್ಸಲ್ಲಿ ಗೊತ್ತಾಯ್ತು ನೋಡು."

ಇಪ್ಪತ್ತಾರು ವರ್ಷದಿಂದ ಗೊತ್ತಿದ್ದ ಮನೆ ಅದು. ಆ ನಾಲ್ಕು ಬೆಳಗ್ಗೆ ಅದು ಅವಳ ನೆನಪಿಗೇ ಬಂದಿರಲಿಲ್ಲ. 'ಅವರು' ಎಂದುಕೊಂಡು ತಿರುಗಿಸಿದ ಕೀಲಿ ಚಾಚಿಯ ನಲ್ಲಿಯನ್ನು ನಿಲ್ಲಿಸಿತ್ತು. ಕೀಲಿ ಎತ್ತಿಕೊಂಡು ಓಡುವ ಹಾಗೆ ಹೋಗಿ ಉಳಿದ ಆರು ಸುತ್ತು ಬಿಟ್ಟಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಮುಗಿಯಲಿಲ್ಲ. ಕರ್ಫ್ಯೂ ಎದ್ದ ವಾರಕ್ಕೆ ವಕೀಲ ಒಂದು ಅರ್ಜಿ ಬರೆದ. ಕೆಳಗಿನ ಬೀದಿ ಮತ್ತು ಅದರಾಚೆಯ ಬಡಾವಣೆಗಳಿಗೆ ಬೇರೆಯೇ ಪುರಸಭೆ ಬೇಕು ಎಂಬುದು ಅದರ ಸಾರ. ಅದರ ಮೊದಲ ಪುಟದಲ್ಲೇ ಇತ್ತು: 'ಗಲಭೆಯ ಸಮಯದಲ್ಲಿ ಈ ಪುರಸಭೆಯು ನಾಲ್ಕು ದಿನ ನಮಗೆ ಬೇಕೆಂದೇ ನೀರು ನಿಲ್ಲಿಸಿತು. ನಮ್ಮ ಮಕ್ಕಳ ಬಾಯಿಗೆ ನೀರು ಬಿಡದವರ ಜೊತೆ ನಾವು ಹೇಗೆ ಇರುವುದು?' ನಾಲ್ಕು ಸಾವಿರ ಜನ ಸಹಿ ಮಾಡಿದರು. ನೀರಕ್ಕ ದಿನವೂ ನೋಡುವ ಮುಖಗಳೇ ಅವೆಲ್ಲ.

ಅತ್ತ ಯಜಮಾನರಿಗೆ ಇದು ಕೇಳಿ ಹಾಲು ಕುಡಿದಷ್ಟು ಸಂತೋಷ. "ಹೋಗಲಿ ಬಿಡಿ, ಪೀಡೆ ತೊಲಗಿತು" ಎಂದು ಅವರೂ ಒಂದು ಅರ್ಜಿ ಹಾಕಿದರು. ತಿಂಗಳುಗಟ್ಟಲೆ ಒಂದು ಮಾತಿಗೂ ಒಪ್ಪದ ಇಬ್ಬರೂ, ಒಟ್ಟಿಗೆ ಇರಬಾರದು ಎಂಬ ಒಂದು ಮಾತಿಗೆ ಥಟ್ಟನೆ ಒಪ್ಪಿದರು. ಕೂಡುರಸ್ತೆಯಲ್ಲಿ ಕಬ್ಬಿಣದ ಡ್ರಮ್ಮುಗಳು ದಾರಿಗೆ ಅಡ್ಡ ಸಾಲಾಗಿ ನಿಂತವು. ಊರಿನ ಟ್ಯಾಂಕು 'ಅವರವನ' ಕೈಯಲ್ಲಿರುವುದು ಅಪಾಯ ಎಂದು ಯಾರೋ ಬರೆದು ಹಾಕಿದ್ದಕ್ಕೆ ಚಾಚಾರನ್ನು ಪಂಪ್‌ಹೌಸಿನಿಂದ ತೆಗೆದು ಉಗ್ರಾಣದಲ್ಲಿ ಪೈಪು ಎಣಿಸಲು ಕೂರಿಸಿದರು. ಇಂಜಿನಿಯರು ನಕ್ಷೆ ಹಿಡಿದು ಬಂದು, ದೊಡ್ಡ ಪೈಪನ್ನು ಎಲ್ಲಿ ಕತ್ತರಿಸಿ ಮುಚ್ಚಿದರೆ ಎರಡು ಊರು ಬೇರೆಯಾಗುತ್ತವೆ ಎಂದು ನೀರಕ್ಕನನ್ನೇ ಕೇಳಿದರು. ತೋರಿಸಲು ಎತ್ತಿದ ಕೈಯನ್ನು ಅವಳು ಹಾಗೇ ಇಳಿಸಿದಳು.

ಮನೆಗೆ ಬಂದು ತಮ್ಮನ ಮುಂದೆ ಎಲ್ಲ ಹೇಳಿದಳು. ಅವನ ಕೈಗೆ ಇನ್ನೂ ಬ್ಯಾಂಡೇಜು ಇತ್ತು.

"ನಾನೇ ನಿಲ್ಲಿಸಿದ್ದು ಕಣೋ. ಆ ನಾಲ್ಕು ದಿನ."

"ಒಳ್ಳೇದೇ ಮಾಡಿದೆ. ನನ್ನ ಅಂಗಡಿ ಸುಟ್ಟೋರಿಗೆ ನೀರು ಬೇರೆ ಕೇಡು."

"ಸುಟ್ಟೋನು ಯಾರು ಅಂತ ನಿನಗೆ ಗೊತ್ತಾ?"

ಅವನು ಬ್ಯಾಂಡೇಜಿನ ಅಂಚು ಎಳೆಯತೊಡಗಿದ.

"ನನಗೂ ಗೊತ್ತಿಲ್ಲ. ಗೊತ್ತಿಲ್ಲದೇ ಒಂದು ಬೀದಿಗೆ ಬೀದಿಯನ್ನೇ ಒಣಗಿಸಿದೆ. ಅರ್ಜಿಯ ವಿಚಾರಣೆಯಲ್ಲಿ ಹೇಳಿಬಿಡ್ತೀನಿ."

"ಹುಚ್ಚಾ ನಿನಗೆ? ಕೆಲಸ ಹೋಗುತ್ತೆ ಅಕ್ಕಾ. ಇಲ್ಲಿ ನಮ್ಮೋರೂ ಮುಖ ನೋಡಲ್ಲ, ಅಲ್ಲಿ ಅವರೂ ಬಿಡಲ್ಲ. ಹೇಳಿದ್ರೆ ನಾನಂತೂ ನಿನ್ನ ಹತ್ತಿರ ಮಾತಾಡಲ್ಲ."

ವಿಚಾರಣೆ ಪುರಸಭೆಯ ಸಭಾಂಗಣದಲ್ಲಿ ನಡೆಯಿತು. ಊರನ್ನು ಒಡೆಯಬೇಕೇ ಬೇಡವೇ ಎಂದು ವರದಿ ಕೊಡಲು ಸರ್ಕಾರದಿಂದ ಒಬ್ಬ ಅಧಿಕಾರಿಣಿ ಬಂದಿದ್ದರು. ಎಡಗಡೆ ಒಂದು ಬೀದಿ, ಬಲಗಡೆ ಇನ್ನೊಂದು. ನಡುವಿನ ಹಾದಿಯಲ್ಲಿ ಇಬ್ಬರು ಪೊಲೀಸರು. ಗಂಡಸರು ಕುರ್ಚಿಗಳಲ್ಲಿ ತುಂಬಿದ್ದರಿಂದ ಎರಡೂ ಕಡೆಯ ಹೆಂಗಸರು ಹಿಂದೆ ಗೋಡೆಗೆ ಒರಗಿ, ಬೇರೆ ಜಾಗವಿಲ್ಲದೆ, ಒತ್ತಾಗಿ ನಿಂತಿದ್ದರು.

ವಕೀಲ ಚೆನ್ನಾಗಿ ಮಾತಾಡಿದ. ಚರಂಡಿ ಕಟ್ಟಿಸದೇ ಇರುವುದು, ದೀಪ ಹಾಕಿಸದೇ ಇರುವುದು, ಪುರಸಭೆಯ ಕೆಲಸಗಳಲ್ಲಿ ತಮ್ಮವರು ಬೆರಳೆಣಿಕೆಯಷ್ಟೇ ಇರುವುದು, ಒಂದೊಂದನ್ನೂ ಹೇಳಿದ. ಅದರಲ್ಲಿ ಸುಳ್ಳು ಕಡಿಮೆ ಇತ್ತು. ಕೊನೆಗೆ ಆ ನಾಲ್ಕು ದಿನಕ್ಕೆ ಬಂದ. "ಇದು ಒಬ್ಬರ ತಪ್ಪಲ್ಲ ಮೇಡಂ. ಇಡೀ ಮೇಲಿನ ಬೀದಿ ಸೇರಿ ಮಾಡಿಸಿದ್ದು" ಎಂದ.

"ಒಬ್ಬರದೇ ತಪ್ಪು" ಎಂಬ ಧ್ವನಿ ಹಿಂದಿನಿಂದ ಬಂತು.

ನೀರಕ್ಕ ಗೋಡೆ ಬಿಟ್ಟು ಹಾದಿಯ ನಡುವೆ ಬಂದು ನಿಂತಳು. "ನಾನು ಮಾಡಿದ್ದು ಮೇಡಂ. ಹನ್ನೊಂದು ಸುತ್ತು ಬಿಡಬೇಕಿತ್ತು, ಐದು ಬಿಟ್ಟೆ. ಪುರಸಭೆಯವರು ಹೇಳಲಿಲ್ಲ. ಮೇಲಿನ ಬೀದಿಯೋರು ಹೇಳಲಿಲ್ಲ. ತಮ್ಮನ ಕೈ ಸುಟ್ಟಿತ್ತು, ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿಲ್ಲದೇ ಎಲ್ಲರ ಮೇಲೂ ತೀರಿಸಿಕೊಂಡೆ. ಇವರು ಊರು ಒಡೆಯೋದಿದ್ರೆ ಬೇರೆ ಕಾರಣ ಹುಡುಕಲಿ. ನನ್ನ ತಪ್ಪಿನ ಮೇಲೆ ಒಡೆಯೋದು ಬೇಡ."

ಎರಡೂ ಕಡೆ ಒಟ್ಟಿಗೇ ಕೂಗಾಟ. "ದ್ರೋಹಿ" ಎಂದು ಒಂದು ಕಡೆ, "ಒಳಗೆ ಹಾಕಿ ಇವಳನ್ನ" ಎಂದು ಇನ್ನೊಂದು ಕಡೆ. ಅಷ್ಟರಲ್ಲಿ ಕೆಳಗಿನ ಬೀದಿಯ ಹೊಲಿಗೆ ಆಪಾ ಜನರನ್ನು ನೂಕಿಕೊಂಡು ಮುಂದೆ ಬಂದರು. ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವ ಹೆಂಗಸು, ಬಾಯಿ ಕತ್ತರಿಗಿಂತ ಚುರುಕು. ನೇರ ನೀರಕ್ಕನ ಮುಂದೆ ನಿಂತು ಬೆರಳು ಎತ್ತಿದರು.

"ನನ್ನ ಸೊಸೆ ಆಗ ಹದಿನೈದು ದಿನದ ಬಾಣಂತಿ! ದಿನಾ ನಮ್ಮ ಬಾಗಿಲ ಮುಂದೆ ನಿಂತು ಮಗು ಹೇಗಿದೆ ಅಂತ ಕೇಳ್ತಿದ್ದೆಯಲ್ಲ, ಆ ಬಾಯಿಗೇನಾಗಿತ್ತು? ನಾಚಿಕೆ ಆಗಲಿಲ್ವಾ ನಿನಗೆ?"

"ಆಯ್ತು ಆಪಾ. ಈಗಲೂ ಆಗ್ತಿದೆ."

ಆಪಾ ಇನ್ನಷ್ಟು ಬೈಯಲು ಬಾಯಿ ತೆರೆದು ನಿಲ್ಲಿಸಿದರು. ಅಧಿಕಾರಿಣಿಯ ಕಡೆ ತಿರುಗಿದರು. "ಇವಳನ್ನ ಏನು ಮಾಡ್ತೀರೋ ಮಾಡಿ ಮೇಡಂ. ಆದ್ರೆ ಅರ್ಜಿಯಲ್ಲಿ ಇಡೀ ಮೇಲಿನ ಬೀದಿ ಅಂತ ಬರೆದಿದಾರಲ್ಲ, ಅದು ಸರಿಯಲ್ಲ. ಆ ನಾಲ್ಕು ದಿನ ನಮ್ಮ ಮಗುವಿನ ಬಟ್ಟೆ ಒಗೆದದ್ದು ಯಾರ ನೀರಲ್ಲಿ ಗೊತ್ತಾ? ನಮ್ಮ ಹಿತ್ತಲ ಗೋಡೆಯಾಚೆ ಇವರ ಮನೆ. ಇವರ ನಲ್ಲಿಯಿಂದ ಪೈಪು ಎಳೆದು ಗೋಡೆ ಮೇಲಿಂದ ಬಿಟ್ರು. ನಮ್ಮ ಸಾಲಿನ ಆರು ಮನೆ ಅದರಲ್ಲೇ ಬದುಕಿದ್ದು." ಅವರ ಬೆರಳು ಬಟ್ಟೆ ಅಂಗಡಿ ಯಜಮಾನರ ಕಡೆ ಇತ್ತು.

ಯಜಮಾನರು ಧಡಕ್ಕನೆ ಎದ್ದರು. "ನಮ್ಮ ಮನೆಯಿಂದಾ? ಶುದ್ಧ ಸುಳ್ಳು!"

"ಸುಳ್ಳಲ್ಲ" ಎಂದರು ಹಿಂದೆ ನಿಂತಿದ್ದ ಯಜಮಾನರ ಹೆಂಡತಿ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನಾಲ್ಕು ಜನರ ಮುಂದೆ ಬಾಯಿ ತೆರೆದದ್ದು ಅದೇ ಮೊದಲು. "ಕೂಸು ಅಳೋದು ನಮ್ಮ ಅಡುಗೆಮನೆಗೆ ಕೇಳಿಸ್ತಿತ್ತು. ನೀವು ಮುಂದಿನ ಜಗಲೀಲಿ ಭಾಷಣ ಬರೀತಿದ್ರಿ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ಮೊದಲು ನಕ್ಕವರು ಪೊಲೀಸರಲ್ಲೊಬ್ಬರು. ಆಮೇಲೆ ಹಿಂದಿನ ಗೋಡೆ ಪೂರ್ತಿ ನಕ್ಕಿತು. ಆಮೇಲೆ ಎಡಗಡೆ, ಬಲಗಡೆ. ಯಜಮಾನರು ಕೂರಲೂ ಆಗದೆ ನಿಲ್ಲಲೂ ಆಗದೆ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು. ಎಷ್ಟೋ ತಿಂಗಳ ಮೇಲೆ ಇಡೀ ಊರು ಒಂದೇ ವಿಷಯಕ್ಕೆ ನಕ್ಕಿತ್ತು.

ವಕೀಲ ನಗಲಿಲ್ಲ. ಅರ್ಜಿಯ ಮೊದಲ ಪುಟವನ್ನೇ ನೋಡುತ್ತ ನಿಂತಿದ್ದವನು ಅದನ್ನು ಬಿಡಿಸಿ ಮಡಚಿದ. "ಈ ಪುಟ ವಾಪಸ್ ತಗೋತೀನಿ ಮೇಡಂ. ಉಳಿದ ಪುಟಗಳು ನಿಜ. ಅವುಗಳಿಗೆ ಉತ್ತರ ಬೇಕು."

ಉತ್ತರ ಬಂತು, ಪೂರ್ತಿ ಅಲ್ಲ. ಊರನ್ನು ಒಡೆಯುವ ಅಗತ್ಯ ಕಾಣುವುದಿಲ್ಲ, ಚರಂಡಿ ದೀಪಗಳ ದೂರು ಮೊದಲು ಸರಿಪಡಿಸಿ ಎಂದು ವರದಿಯಾಯಿತು. ನೀರಕ್ಕನಿಗೆ ಎರಡು ತಿಂಗಳ ಅಮಾನತು. ತಮ್ಮ ಹೇಳಿದ ಹಾಗೇ ಮಾತು ಬಿಟ್ಟ. ಎದುರು ಮನೆಯವರು ಅವಳನ್ನು ಕಂಡು ಬಾಗಿಲು ಹಾಕಿಕೊಂಡರು.

ಒಂದು ಮಧ್ಯಾಹ್ನ ಚಾಚಾ ಬಂದು ಜಗಲಿಯ ಮೇಲೆ ಕೂತರು. ಅವಳು ತಂದುಕೊಟ್ಟ ಟೀಯನ್ನು ನಿಧಾನ ಕುಡಿದರು.

"ನಿಮಗೆ ಯಾವಾಗ ಗೊತ್ತಾಯ್ತು ಚಾಚಾ?"

"ಮೊದಲ ದಿನವೇ. ಪೈಪು ಕಟ್ಟಿದ್ರೆ ಪಂಪು ಬೇರೆ ಥರ ಕೂಗುತ್ತೆ. ಅವತ್ತು ಕೂಗಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ತಮ್ಮನ ಕೈ ಸುಟ್ಟಿತ್ತಲ್ಲ. ನಾಳೆ ತಾನಾಗೇ ಸರಿ ಮಾಡ್ತಾಳೆ, ನಾಳೆ ಮಾಡ್ತಾಳೆ ಅಂತ ಮೂರು ದಿನ ಕಾದೆ. ನಾಲ್ಕನೇ ದಿನ ನಿಮ್ಮ ಚಾಚಿ, 'ನಿಮ್ಮ ಮಗಳಿಗೆ ನೀವು ಹೇಳ್ತೀರಾ, ಇಲ್ಲ ನಾನು ಬಂದು ಹೇಳಲಾ' ಅಂದಳು. ಅವಳು ಬಂದ್ರೆ ಪಂಪ್‌ಹೌಸು ಉಳೀತಿರಲಿಲ್ಲ."

ಅವಳು ನಗುತ್ತಲೇ ಅತ್ತಳು. ಚಾಚಾ ಖಾಲಿ ಲೋಟ ಹಿಡಿದು ರಸ್ತೆ ನೋಡುತ್ತ ಕೂತರು. ಆಮೇಲೆ, "ಮನೆಗೆ ಬಾ. ಅವಳ ಹತ್ತಿರ ಬೈಸಿಕೊಳ್ಳೋದು ಬಾಕಿ ಇದೆ" ಎಂದು ಎದ್ದರು. ಅವಳು ಹೋದಳು, ಚೆನ್ನಾಗಿ ಬೈಸಿಕೊಂಡಳು, ಊಟ ಮಾಡಿಕೊಂಡು ಬಂದಳು.

ಅವಳ ಬದಲಿಗೆ ಬಂದವನು ತಿಂಗಳಲ್ಲಿ ಮೂರು ಕಡೆ ಪೈಪು ಒಡೆಸಿದ. ಐದನೇ ವಾರಕ್ಕೆ ಆಪಾ ಮತ್ತು ಯಜಮಾನರ ಹೆಂಡತಿ ಒಟ್ಟಿಗೆ ಪುರಸಭೆಗೆ ಹೋಗಿ, ನೀರಕ್ಕನೂ ಪಂಪಿನ ಚಾಚಾನೂ ಅವರವರ ಜಾಗಕ್ಕೆ ಬರಬೇಕು ಎಂದರು. ಸುಮ್ಮನೆ ಬರುವುದಲ್ಲ ಎಂದು ಆಪಾ ಒಂದು ಷರತ್ತು ಹಾಕಿದರು. ಎಷ್ಟು ಸುತ್ತು, ಎಷ್ಟು ಹೊತ್ತು ಎಂದು ಪ್ರತಿ ಗುಂಡಿಯ ಪಕ್ಕ ಬಣ್ಣದಲ್ಲಿ ಬರೆಯಬೇಕು. ಮೇಲಿನ ಬೀದಿಗೆ ಬಿಡುವಾಗ ಕೆಳಗಿನವರೊಬ್ಬರು, ಕೆಳಗೆ ಬಿಡುವಾಗ ಮೇಲಿನವರೊಬ್ಬರು ನಿಂತು ನೋಡಬೇಕು. "ನಂಬಿಕೆ ಇಲ್ಲ ಅಂತಲ್ಲ. ನಂಬೋಕೆ ಅನುಕೂಲ ಆಗಲಿ ಅಂತ" ಎಂದರು. ಪುರಸಭೆಯವರು ಇಬ್ಬರನ್ನೂ ವಾಪಸ್ ಕರೆದರು, ನೀರಕ್ಕ ಮರುಮಾತಾಡದೆ ಷರತ್ತಿಗೆ ಒಪ್ಪಿದಳು. ಗುಂಡಿಗಳ ಪಕ್ಕ ಬಣ್ಣದಲ್ಲಿ ಅವಳೇ ಬರೆದಳು.

ಚುನಾವಣೆಯಲ್ಲಿ ಯಜಮಾನರೂ ಗೆದ್ದರು, ವಕೀಲನೂ ಗೆದ್ದ. ಇಬ್ಬರೂ ಒಂದೇ ಸಭೆಯಲ್ಲಿ ಎದುರುಬದುರು ಕೂತು ಜಗಳವಾಡುವುದು ಇನ್ನೂ ನಿಂತಿಲ್ಲ. ಆದರೆ ಜಗಳ ಈಗ ದೀಪದ ಕಂಬ ಯಾವ ತಿರುವಿನಲ್ಲಿ ನೆಡಬೇಕು ಎಂಬುದಕ್ಕೆ. ಡ್ರಮ್ಮುಗಳನ್ನು ತೆಗೆದವರು ಯಾರೆಂದು ಗೊತ್ತಿಲ್ಲ. ಒಂದೊಂದೇ ಕಡಿಮೆಯಾಗುತ್ತ, ಯಾರ್ಯಾರದೋ ಹಿತ್ತಲಲ್ಲಿ ನೀರು ತುಂಬಿಸಿಕೊಂಡು ಕಾಣಿಸಿಕೊಂಡವು. ನೀರಕ್ಕನ ತಮ್ಮ ಸೈಕಲ್ ಅಂಗಡಿಯನ್ನು ಮತ್ತೆ ತೆರೆದ. ಬಲಗೈ ಮುಷ್ಟಿ ಪೂರ್ತಿ ಮಡಚುವುದಿಲ್ಲ. ಕೆಳಗಿನ ಬೀದಿಯವರು ಸೈಕಲ್ ತಂದರೆ ಮೊದಮೊದಲು ಬೆನ್ನು ತಿರುಗಿಸಿ ಕೂರುತ್ತಿದ್ದ, ಈಗ ಮಾತಾಡದೆಯಾದರೂ ಪಂಕ್ಚರ್ ಹಾಕಿಕೊಡುತ್ತಾನೆ. ಅಕ್ಕನ ಜೊತೆ ಮಾತು ಶುರುವಾಗಿದೆ.

ಹೋದ ತಿಂಗಳು ಎರಡು ಬೀದಿಯ ಹೆಂಗಸರು ಇನ್ನೊಂದು ಟ್ಯಾಂಕು ಬೇಕೆಂದು ಅರ್ಜಿ ಹಿಡಿದು ಹೋದರು. ಮುಂದೆ ನಿಂತು ಓದಿದವಳು ನೀರಕ್ಕ. ಗುಮಾಸ್ತ ಪೆನ್ನು ಎತ್ತಿಕೊಂಡು, "ಇದು ಯಾವ ಬೀದಿಯವರ ಅರ್ಜಿ? ಮೇಲಿನವರದಾ, ಕೆಳಗಿನವರದಾ?" ಎಂದ.

"ಬಾಯಾರಿದವರದು ಅಂತ ಬರ್ಕೊಳ್ಳಪ್ಪ" ಎಂದರು ಆಪಾ. ಗುಮಾಸ್ತ ತಲೆ ಕೆರೆದುಕೊಂಡು, ಬೀದಿಯ ಜಾಗವನ್ನು ಖಾಲಿ ಬಿಟ್ಟು, ಅರ್ಜಿಗೆ ಮೊಹರು ಒತ್ತಿದ.